ದೊಡ್ಡಕ್ಕೋರ ಗಾಡಿಯ ದೀಪಗಳು

ದೊಡ್ಡಕ್ಕೋರ ಮಣ್ಣು ಮುಗಿಸಿ ಬಂದು ಸುರಪುರದ ರಂಗಂಪೇಟೆಯ ಅವರ ಮನೆಯ ಕಟ್ಟೆಯ ಮೇಲೆ ಕೂತಾಗ ನಮ್ಮ ನಡುವೆ ಸಣ್ಣದೊಂದು ವಾದ ಎದ್ದಿತು. ದೊಡ್ಡಕ್ಕೋರ ಅಂಬಾಸಿಡರ್ ಯಾವ ಬಣ್ಣದ್ದಾಗಿತ್ತು? ಬಿಳಿ ಎಂದರು ಇಬ್ಬರು. ಅಲ್ಲ, ಬೂದಿ ಬಣ್ಣ ಎಂದಳು ಈಗ ಶಹಾಪುರದಲ್ಲಿ ಬಟ್ಟೆ ಅಂಗಡಿ ನಡೆಸುವ ಹಳೆಯ ವಿದ್ಯಾರ್ಥಿನಿ. ಇನ್ನೊಬ್ಬಳು ತಿಳಿಹಸಿರು ಎಂದು ಪಟ್ಟು ಹಿಡಿದಳು. ಸತ್ತವರ ಮನೆಯಲ್ಲಿ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೇ ಎಲ್ಲರೂ ನಕ್ಕೆವು. ಬಣ್ಣ ಯಾರಿಗೂ ನೆನಪಿರಲಿಲ್ಲ. ನಾವು ಆ ಗಾಡಿಯನ್ನು ಹೆಚ್ಚಾಗಿ ಕಂಡದ್ದು ಮುಸ್ಸಂಜೆಯಲ್ಲಿ, ಎದುರಿನಿಂದ ಬರುವ ಎರಡು ದೀಪಗಳಾಗಿ. ದೀಪಗಳ ವಿಷಯದಲ್ಲಿ ಮಾತ್ರ ಒಬ್ಬರಿಗೂ ಅನುಮಾನವಿರಲಿಲ್ಲ.

ಅವರು ಹೋದದ್ದು ಹಗಲು ಹೊತ್ತಿನಲ್ಲಿ. ರೊಟ್ಟಿ, ಪುಂಡಿಪಲ್ಲೆ ಉಂಡು, ಹೊರಕೋಣೆಯಲ್ಲಿ ಬುದ್ಧನ ಪಟದ ಕೆಳಗಿನ ಮಂಚದ ಮೇಲೆ ಅಡ್ಡಾದವರು, ತಮ್ಮನ ಸೊಸೆ ಚಹಾ ತಂದು ಕರೆದಾಗ ಓಗೊಡಲಿಲ್ಲ. ಎಪ್ಪತ್ತೈದು ದಾಟಿತ್ತು. ಬೇಡಿಕೊಂಡರೂ ಸಿಗದ ಸಾವು ಎಂದರು ಓಣಿಯವರು. ಯಾದಗಿರಿಯಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಅವರ ಮಾತುಗಳೇ ಒಂದಾದ ಮೇಲೊಂದು ಬರುತ್ತಿದ್ದವು.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರೂ ಅವರನ್ನು ಹೆಸರಿನಿಂದ ಕರೆದದ್ದಿಲ್ಲ. ಸುರಪುರದ ಹೆಣ್ಣುಮಕ್ಕಳ ಹೈಸ್ಕೂಲಿನ ಮುಖ್ಯ ಶಿಕ್ಷಕಿ, ಆದ್ದರಿಂದ ಮಕ್ಕಳಿಗೂ ಮಕ್ಕಳ ಅಪ್ಪಂದಿರಿಗೂ ಅವರು ದೊಡ್ಡಕ್ಕೋರು. ನಾನು ಆ ಶಾಲೆಗೆ ಕನ್ನಡ ಶಿಕ್ಷಕಿಯಾಗಿ ಬಂದಾಗ ಕೃಷ್ಣೆಯ ನೀರು ಕಾಲುವೆಯಲ್ಲಿ ಬರಲು ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮೊದಲ ದಿನ ಅವರ ಮೇಜಿನ ಮುಂದೆ ಹೆದರಿ ನಿಂತವಳನ್ನು ಅವರು ಕೇಳಿದ ಮೊದಲ ಪ್ರಶ್ನೆ, "ಉಂಡೀಯೇನು?"

"ಇಲ್ರಿ."

"ಹಂಗಾದ್ರ ಮೊದಲು ಉಣ್ಣು. ಹಸದವ್ರು ಪಾಠ ಮಾಡಿದ್ರ ಮಕ್ಕಳಿಗಿ ಬೈಗುಳ ಜಾಸ್ತಿ ಬೀಳ್ತಾವ."

ಅವರ ಓಣಿಯಲ್ಲೇ, ಅವರ ಮನೆಗೆ ಒಂದು ಗೋಡೆ ಅಂತರದಲ್ಲಿ, ನನಗೊಂದು ಖೋಲಿ ಕೊಡಿಸಿದರು. ಗಣಿತ ಮತ್ತು ವಿಜ್ಞಾನ ಅವರ ವಿಷಯ. ಕುಳ್ಳಗಿನ ಗಟ್ಟಿ ಹೆಂಗಸು, ದಪ್ಪ ಕನ್ನಡಕ. ಸಿಟ್ಟು ಬಂದರೆ ಅವರು ಮಾಡುತ್ತಿದ್ದ ಮೊದಲ ಕೆಲಸ ಕನ್ನಡಕ ತೆಗೆದು ಮೇಜಿನ ಮೇಲಿಡುವುದು. ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗಿಯೊಬ್ಬಳನ್ನು ಒಮ್ಮೆ ಅವರ ಕೋಣೆಗೆ ಕರೆದೊಯ್ದಿದ್ದೆ. ಕನ್ನಡಕ ಕೆಳಗಿಟ್ಟು ಹೇಳಿದರು, "ಈಗ ಹೇಳವ್ವ. ನೀ ಯಾರಂತ ನಂಗ ಕಾಣವಲ್ದು." ಹುಡುಗಿ ಅಳುತ್ತಾ ಎಲ್ಲವನ್ನೂ ಹೇಳಿದಳು. ಮರುದಿನ ಅದೇ ಹುಡುಗಿ ವರಾಂಡದಲ್ಲಿ ಎದುರಾದಾಗ ಅವರು ಗುರುತೇ ಇಲ್ಲದವರಂತೆ, ಉಳಿದವರಿಗೆ ಬೈಯುವ ಹಾಗೇ, "ಜಡಿ ನೆಟ್ಟಗ ಹಾಕ್ಕೊ" ಎಂದು ಬೈದು ಹೋದರು.

ಮದುವೆಯಾಗಿರಲಿಲ್ಲ. ಹೊಸಬಳ ಧೈರ್ಯದಿಂದ ಒಮ್ಮೆ ಕೇಳಿದ್ದೆ. ಅವರು ಹಸನು ಮಾಡುತ್ತಿದ್ದ ಅಕ್ಕಿಯಿಂದ ತಲೆ ಎತ್ತದೆಯೇ ಹೇಳಿದರು. "ನೋಡಾಕ ಬಂದವ್ರೆಲ್ಲ, ನೌಕರಿ ಬಿಡ್ತೀಯೇನು ಅಂತ ಕೇಳಿದ್ರು. ನಾನೂ ಅವ್ರಿಗಿ ಅದನ್ನ ಕೇಳಿದ್ನಿ. ಮಾತು ಅಲ್ಲಿಗೇ ಮುಗೀತು."

ಅವರ ಅಪ್ಪ ಅವ್ವ ಇಬ್ಬರೂ ಕೂಲಿಯವರು. ಕಾಲುವೆ ತೋಡುವಾಗ ಅಪ್ಪ ಅಗೆದರು, ಅವ್ವ ಬುಟ್ಟಿಯಲ್ಲಿ ಮಣ್ಣು ಹೊತ್ತರು. ಆ ದುಡಿಮೆಯ ಕಾಲಕ್ಕೆ ಮಗಳು ಆಗಲೇ ಶಿಕ್ಷಕಿ. ಬಿಡಿ ಎಂದರೂ ಇಬ್ಬರೂ ಬಿಟ್ಟಿರಲಿಲ್ಲವಂತೆ. "ಮಗಳ ಪಗಾರ ಉಂಡು ಕುಂತ್ರ ಕಾಲು ಹಿಡ್ಕೋತಾವ" ಎನ್ನುತ್ತಿದ್ದರಂತೆ ಅವ್ವ.

ಅಂಬಾಸಿಡರ್ ಕೂಡ ಕಾಲುವೆಯಿಂದಲೇ ಬಂದದ್ದು. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಲ್ಲಿದ್ದ ಒಬ್ಬ ಗುತ್ತಿಗೆದಾರ ಕೆಲಸ ಮುಗಿಸಿ ಊರಿಗೆ ಹೊರಟಾಗ ಆ ಹಳೆಯ ಗಾಡಿಯನ್ನು ಇವರಿಗೆ ಮಾರಿ ಹೋಗಿದ್ದ. ನಲವತ್ತು ದಾಟಿದ ಮೇಲೆ ಕಲಿತ ಡ್ರೈವಿಂಗು. ದಿಂಬು ಹಾಕಿಕೊಂಡು ಕೂತರೂ ಹೊರಗಿನವರಿಗೆ ಕನ್ನಡಕ ಮತ್ತು ಸ್ಟೇರಿಂಗ್ ಮಾತ್ರ ಕಾಣುತ್ತಿದ್ದವು. ಶುರುವಿಗೆ ಪೇಟೆಯವರು, "ಗಾಡಿ ತಾನೇ ಹೊಂಟದ ನೋಡ್ರೋ" ಎಂದು ಎದ್ದು ನಿಲ್ಲುತ್ತಿದ್ದರಂತೆ. ಬಾಣಂತಿಯನ್ನು ಆಸ್ಪತ್ರೆಯಿಂದ ಮನೆಗೆ ಬಿಡಲು, ಯಾರದೋ ನೆಂಟರನ್ನು ಯಾದಗಿರಿಯ ರೈಲಿಗೆ ಮುಟ್ಟಿಸಲು ಆ ಗಾಡಿಗೆ ಕರೆ ಬರುತ್ತಿತ್ತು. ಆದರೆ ಎಲ್ಲ ಹಗಲು ಹೊತ್ತಿನಲ್ಲಿ. ಹೊತ್ತು ಮುಳುಗುವ ಮುಂಚೆ ಗಾಡಿ ಮನೆಯ ಮುಂದೆ ನಿಂತಿರಬೇಕು. ಅದರ ದೀಪಗಳು ಅಷ್ಟು ಮಂದ. ಬಲ್ಬಿನ ಹಿಂದಿದ್ದು ಬೆಳಕು ಚೆಲ್ಲುವ ಬೆಳ್ಳಿಬಣ್ಣದ ಬಟ್ಟಲು ಕಪ್ಪಾಗಿ, ಬೆಳಕು ಹಳದಿಯಾಗಿ, ಮಾರು ದೂರಕ್ಕೆ ಸೋತು ಬೀಳುತ್ತಿತ್ತು. "ದೀಪ ಹತ್ಯಾವೋ ಇಲ್ಲೋ ಅಂತ ನೋಡಾಕ ಕಡ್ಡಿ ಗೀರಬೇಕು" ಎಂದು ಅವರೇ ನಗುತ್ತಿದ್ದರು.

ಆ ಗಾಡಿಗೆ ಹೊಸ ದೀಪ ಬೇಕಾದದ್ದು ಹತ್ತನೆಯ ತರಗತಿಯ ಐದು ಹುಡುಗಿಯರಿಂದ.

ಅವರೆಲ್ಲ ಹುಣಸಗಿ ದಾರಿಯಲ್ಲಿ, ಕಾಲುವೆಯ ಪಕ್ಕದ ಒಂದು ಹಳ್ಳಿಯವರು. ನೀರು ಬಂದು ಆ ಕಡೆಗೆ ಭತ್ತ ಬಂದಿತ್ತು. ಭತ್ತ ಬಂದ ಮೇಲೆ ಸಸಿ ಹಚ್ಚಲು, ಕಳೆ ಕೀಳಲು ಹುಡುಗಿಯರ ಕೈಗೆ ಬೇಡಿಕೆ ಬಂದಿತ್ತು. ಹತ್ತನೆಯದರಲ್ಲಿ ಒಮ್ಮೆ ನಪಾಸಾದರೆ ಸಾಕು, ಹುಡುಗಿ ಮತ್ತೆ ಶಾಲೆಯ ಕಡೆ ಬರುತ್ತಿರಲಿಲ್ಲ. ನಪಾಸಾಗುತ್ತಿದ್ದದ್ದು ಗಣಿತದಲ್ಲೇ. ಅದಕ್ಕೇ ದೊಡ್ಡಕ್ಕೋರು ದೀಪಾವಳಿ ಕಳೆದೊಡನೆ ಸಂಜೆ ಸ್ಪೆಷಲ್ ಕ್ಲಾಸ್ ಶುರು ಮಾಡುತ್ತಿದ್ದರು. ಈ ಐವರು ಮಾತ್ರ ಅದಕ್ಕೆ ಕೂರುವಂತಿರಲಿಲ್ಲ. ಅವರ ಊರಿನ ಬಸ್ಸು ಶಾಲೆ ಬಿಟ್ಟ ಕೂಡಲೇ ಹೊರಟುಬಿಡುತ್ತಿತ್ತು. ಮುಂದಿನ ಬಸ್ಸು ಮರುದಿನ ಬೆಳಿಗ್ಗೆ.

ಐವರಲ್ಲಿ ಗಣಿತ ಮಾಡಬಲ್ಲವಳು ಮಾಳವ್ವ. ಅವಳ ಅಪ್ಪ ಬೀರಪ್ಪ ಕುರಿ ಕಾಯುವವನು, ಸ್ವಲ್ಪ ಹೊಲವೂ ಇತ್ತು. ಒಂದು ದಿನ ಶಾಲೆಗೆ ಬಂದಾಗ ದೊಡ್ಡಕ್ಕೋರು ಅವನನ್ನು ಹಿಡಿದು ಕೂರಿಸಿದರು.

"ಬೀರಣ್ಣ, ನಿನ್ನ ಮಗಳು ಸಂಜಿ ಕ್ಲಾಸಿಗಿ ಕುಂತ್ರ ಪಾಸಾಗ್ತಾಳ."

"ಕತ್ತಲಾದ ಮ್ಯಾಲೆ ಹ್ಯಾಂಗ ಬರ್ತಾಳ್ರಿ ಅಕ್ಕೋರ?"

"ನಾ ತಂದು ಬಿಡ್ತೀನಿ."

ಬೀರಪ್ಪ ಹೊರಗೆ ನಿಂತ ಗಾಡಿಯನ್ನು ನೋಡಿದ. ಅದರ ದೀಪದ ಖ್ಯಾತಿ ಅವನಿಗೂ ಗೊತ್ತಿತ್ತು. "ಇದ್ರಾಗ?" ಎಂದ.

"ದೀಪ ಬದಲು ಮಾಡಸ್ತೀನಿ" ಎಂದರು ದೊಡ್ಡಕ್ಕೋರು. ಆ ಗಳಿಗೆಯವರೆಗೆ ಅವರಿಗೆ ಆ ಯೋಚನೆಯೇ ಇರಲಿಲ್ಲವೆಂದು ಆಮೇಲೆ ನನಗೆ ಹೇಳಿದರು.

ಆ ವಾರವೇ ಶಹಾಪುರಕ್ಕೆ ಹೋಗಿ ಗಾಜು, ಬಟ್ಟಲು ಎಲ್ಲ ಹೊಸದು ಹಾಕಿಸಿ, ಹ್ಯಾಲೋಜನ್ ಬಲ್ಬು ಕೂಡಿಸಿಕೊಂಡು ಬಂದರು. ಅಂಗಡಿಯಲ್ಲಿ ಇದ್ದುದರಲ್ಲೇ ಅತಿ ಹೆಚ್ಚು ವ್ಯಾಟಿನ ಬಲ್ಬನ್ನು ಅವರೇ ಹಟ ಮಾಡಿ ಹಾಕಿಸಿದ್ದರು. ಸಂಜೆ ಓಣಿಯಲ್ಲಿ ದೀಪ ಹತ್ತಿಸಿದಾಗ ತುದಿಯ ಮನೆಯ ಗೋಡೆಯವರೆಗೂ ಹಗಲಾಯಿತು. ಮಲಗಿದ್ದ ನಾಯಿಗಳು ಎದ್ದು ಓಡಿದವು. ದೊಡ್ಡಕ್ಕೋರು ಹಬ್ಬದ ಬಟ್ಟೆ ತೊಟ್ಟ ಮಕ್ಕಳ ಹಾಗೆ ಗಾಡಿಯ ಸುತ್ತ ಒಂದು ಸುತ್ತು ಬಂದರು.

"ತಂಗಿ, ನೀನೂ ಬಾ ದಿನಾ" ಎಂದರು ನನಗೆ. "ವಾಪಸ್ ಬರೂವಾಗ ಒಬ್ಬಾಕಿನೇ ಮಾತಾಡ್ಕೊಂಡು ಬಂದ್ರ ಮಂದಿ ಏನಂದಾರು?"

ಹೀಗೆ ಆ ಗಾಡಿಯಲ್ಲಿ ನನಗೂ ಒಂದು ಜಾಗವಾಯಿತು. ಹಿಂದೆ ನಾಲ್ವರು ಹುಡುಗಿಯರು, ಮುಂದೆ ನಮ್ಮಿಬ್ಬರ ನಡುವೆ ಮಾಳವ್ವ. ಸುರಪುರ ದಾಟಿದ ಮೇಲೆ ಡಾಂಬರು ರಸ್ತೆ ಬಿಟ್ಟು ಕಾಲುವೆಯ ಏರಿಯ ಮೇಲಿನ ಮಣ್ಣುದಾರಿ. ಎಡಕ್ಕೆ ತುಂಬಿ ಹರಿಯುವ ನೀರು, ಬಲಕ್ಕೆ ಆಳೆತ್ತರದ ಕೆಳಗೆ ಗದ್ದೆ. ಹುಡುಗಿಯರು ಸೂತ್ರಗಳನ್ನು ಹಾಡಿನ ಹಾಗೆ ಒಪ್ಪಿಸುತ್ತಿದ್ದರು. ತಪ್ಪಿದರೆ ದೊಡ್ಡಕ್ಕೋರು ಹಾರ್ನ್ ಬಾರಿಸುತ್ತಿದ್ದರು. ಎದುರು ಬಂದ ಚಕ್ಕಡಿಯವನೊಬ್ಬ ಎತ್ತು ಬೆದರಿದ್ದಕ್ಕೆ, "ಕಣ್ಣ ಕಿತ್ತಿ ಕೈಯಾಗ ಕೊಟ್ಟಂಗಾತು!" ಎಂದು ಕೂಗಿದ. ಅವರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು.

ಎಳ್ಳಮಾಸಿ ಹತ್ತಿರ ಬಂದಿತ್ತು. ಚಂದ್ರನಿಲ್ಲದ ಸಂಜೆ. ಏರಿಯ ಮೇಲೆ ಅರ್ಧ ದಾರಿ ಸಾಗಿದ್ದೆವು. ರಬ್ಬರು ಸುಟ್ಟ ವಾಸನೆ ಬಂತು. ಏನೆಂದು ಕೇಳಬೇಕೆನ್ನುವಷ್ಟರಲ್ಲಿ ಎರಡೂ ದೀಪಗಳು ಒಟ್ಟಿಗೇ ಆರಿಹೋದವು.

ಅಷ್ಟೊಂದು ಬೆಳಕಿನ ನಂತರದ ಕತ್ತಲು ಅದು. ದಾರಿ, ಗದ್ದೆ, ನೀರು ಯಾವುದೂ ಇಲ್ಲ. ದೊಡ್ಡಕ್ಕೋರು ಸ್ಟೇರಿಂಗ್ ಅಲುಗಾಡಿಸದೆ ಗಾಡಿ ನಿಲ್ಲಿಸಿ, ದೀಪದ ಸ್ವಿಚ್ಚು ಆರಿಸಿದರು. ಸ್ವಿಚ್ಚಿನ ಹತ್ತಿರ ಹೊಗೆಯಾಡುತ್ತಿತ್ತು. ಹಿಂದಿನಿಂದ ಒಬ್ಬಳು, "ಕಾಲುವಿ! ಕಾಲುವಿ!" ಎಂದು ಚೀರಿದಳು. ಉಳಿದವರೂ ಅಳಲು ಶುರು ಮಾಡಿದರು. ಒಬ್ಬಳು ಬಾಗಿಲ ಹಿಡಿಕೆಗೆ ಕೈ ಹಾಕಿದ ಸಪ್ಪಳ.

"ಯಾರೂ ಬಾಗಲ ತಗೀಬ್ಯಾಡ್ರಿ" ಎಂದರು ದೊಡ್ಡಕ್ಕೋರು. ಧ್ವನಿ ತರಗತಿಯಲ್ಲಿ ಇರುವ ಹಾಗೆಯೇ ಇತ್ತು. "ಅಳೂದ್ಯಾಕ? ಈ ಏರಿಯ ಮಣ್ಣು ನಮ್ಮಪ್ಪ ನಮ್ಮವ್ವ ಹೊತ್ತು ಹಾಕ್ಯಾರ. ನನ್ನ ಹುಡುಗ್ಯಾರ್ನ ಈ ಕಾಲುವಿ ಏನೂ ಮಾಡಂಗಿಲ್ಲ."

ಅಳು ನಿಂತಿತು. ಆಗ ಕೇಳಿಸಿತು ನೀರಿನ ಸದ್ದು, ನಾವು ಅಂದುಕೊಂಡದ್ದಕ್ಕಿಂತ ಹತ್ತಿರ.

ಹಾರ್ನ್ ಬಾರಿಸುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ನಾಯಿ ಬೊಗಳುವುದು ಕೇಳಿಸಿತು, ಆಮೇಲೆ ಒಂದು ಬ್ಯಾಟರಿಯ ಸಣ್ಣ ಬೆಳಕು. ಮಗಳು ಬರುವ ಹೊತ್ತು ಮೀರಿತೆಂದು ಹುಡುಕಿಕೊಂಡು ಹೊರಟಿದ್ದ ಬೀರಪ್ಪ. ಗಾಡಿಯ ಎಡಗಾಲಿಯ ಹತ್ತಿರ ಬೆಳಕು ಹಾಕಿ ನೋಡಿದ. ಗಾಲಿಗೂ ನೀರಿಗೂ ನಡುವೆ ಗೇಣು ನೆಲವಿತ್ತು. "ನಾ ಮುಂದ ನಡೀತೀನಿ. ನನ್ನ ರುಮಾಲ ನೋಡ್ಕೋತ ಬರ್ರಿ" ಎಂದಷ್ಟೇ ಅಂದ. ಕಾಲುವೆಯ ಅಂಚಿಗೆ ಬ್ಯಾಟರಿ ಹಿಡಿದು ಅವನು ನಡೆದ. ಆ ಬಿಳಿ ರುಮಾಲಿನ ಹಿಂದೆ, ಕುರಿಯ ನಡಿಗೆಯಲ್ಲಿ, ಅಂಬಾಸಿಡರ್ ಊರು ಸೇರಿತು.

ಹುಡುಗಿಯರು ಇಳಿದು ಮನೆಗಳಿಗೆ ಓಡಿದ ಮೇಲೆ ಬೀರಪ್ಪ ಹೇಳಿದ. "ಸಾಕ್ರಿ ಅಕ್ಕೋರ. ನಾಳಿಂದ ಮಾಳವ್ವ ಸಂಜಿಗಿ ಕುಂದ್ರಂಗಿಲ್ಲ. ಉಳದವ್ರ ಮನ್ಯಾಗೂ ನಾನೇ ಹೇಳ್ತೀನಿ." ಒರಟಾಗಿ ಹೇಳಲಿಲ್ಲ. ಅದಕ್ಕೇ ಎದುರು ಮಾತಿಗೆ ಜಾಗವಿರಲಿಲ್ಲ.

ಗಾಡಿಯನ್ನು ಅಲ್ಲೇ ಬಿಟ್ಟು, ಸುರಪುರದ ಕಡೆ ಹೊರಟಿದ್ದ ಟ್ರ್ಯಾಕ್ಟರಿನಲ್ಲಿ ವಾಪಸಾದೆವು. ಟ್ರೇಲಿಯಲ್ಲಿ ಹುಲ್ಲಿನ ಮೇಲೆ ದೊಡ್ಡಕ್ಕೋರು ನನ್ನ ಪಕ್ಕದಲ್ಲೇ ಕೂತರು. ಕತ್ತಲಲ್ಲೂ ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡದ್ದು ಕಂಡಿತು. ಸಿಟ್ಟು ಯಾರ ಮೇಲೆಂದು ನಾನು ಕೇಳಲಿಲ್ಲ.

"ತಂಗಿ, ಹುಡುಗ್ಯಾರಿಗಿ ಸುಳ್ಳು ಹೇಳಿದ್ನಿ" ಎಂದರು ಕೊನೆಗೆ. "ಮಣ್ಣು ಹೊತ್ತವ್ರು ಯಾರು ಅಂತ ಕಾಲುವಿಗಿ ಗುರ್ತ ಇರ್ತದೇನು?"

ನಾನು ಅವರ ಕೈ ಹಿಡಿದುಕೊಂಡೆ. ಸುರಪುರ ಬರುವವರೆಗೂ ಅವರು ಬಿಡಿಸಿಕೊಳ್ಳಲಿಲ್ಲ.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ಮರುದಿನ ಬಂದು, ಬೋರ್ಡಿನ ಮೇಲೆ ಗಾಡಿಯ ಚಿತ್ರ ಬರೆದು, ಅದೇ ಐವರು ಹುಡುಗಿಯರನ್ನು ಮುಂದೆ ಕೂರಿಸಿ, ತಾವು ಮಾಡಿದ ತಪ್ಪನ್ನು ಪಾಠ ಮಾಡಿದರು. "ನಾ ಏನು ಮಾಡಿದ್ನಿ? ಗದ್ದಿ ದೊಡ್ಡದು ಮಾಡಿದ್ನಿ, ಅದಕ್ಕ ನೀರು ತರೂ ಕಾಲುವಿ ಹಳೇದೇ ಬಿಟ್ನಿ. ಸಣ್ಣ ತಂತ್ಯಾಗ ಅಷ್ಟು ಕರೆಂಟು ಹೋದ್ರ ಅದು ಕಾಯ್ತದ, ಸುಡ್ತದ. ಸ್ವಿಚ್ಚೂ ಸುಡ್ತದ. ಬಲ್ಬ್ ಬದಲು ಮಾಡೂ ಮೊದಲು ತಂತಿ ನೋಡಬೇಕಿತ್ತು. ನೋಡ್ಲಿಲ್ಲ." ಒಬ್ಬ ಮುಖ್ಯ ಶಿಕ್ಷಕಿ ಮಕ್ಕಳ ಮುಂದೆ, "ನಂದು ತಪ್ಪಾತು" ಎಂದು ಬೋರ್ಡಿನ ಕಡೆ ಬೆರಳು ತೋರಿಸಿ ಹೇಳಿದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಹಗಲಲ್ಲೇ ಹಳ್ಳಿಯಿಂದ ಗಾಡಿ ತಂದು, ಈ ಸಲ ಯಾದಗಿರಿಗೆ ಹೋದೆವು. ಸ್ಟೇಷನ್ ರಸ್ತೆಯ ಖಾಜಾ ಮಿಸ್ತ್ರಿ ಗಾಡಿಗಳ ವೈರಿಂಗ್ ಮಾಡುವವರು. ಕರಕಾದ ತಂತಿಯನ್ನು ಮೂಸಿ ನೋಡಿ, "ಅಲ್ಲಾ ಉಳಿಸ್ಯಾನ ಆಪಾ ನಿಮಗ" ಎಂದರು. ಅವರೂ ದೊಡ್ಡಕ್ಕೋರೂ ಬಾನೆಟ್ಟಿನೊಳಗೆ ತಲೆ ಹಾಕಿ ಅರ್ಧ ದಿನ ಮಾತಾಡಿದರು, ಒಂದೇ ಮನೆಗೆ ಹೆಣ್ಣು ಕೊಟ್ಟವರ ಹಾಗೆ. ದೊಡ್ಡ ಬಲ್ಬು ತೆಗೆದು ಆ ಗಾಡಿಗೆ ಹೊಂದುವ ಬಲ್ಬು. ಬ್ಯಾಟರಿಯಿಂದ ದೀಪದವರೆಗೆ ದಪ್ಪ ತಂತಿ. ನಡುವೆ ರಿಲೇ ಎಂಬ ಸಣ್ಣ ಡಬ್ಬಿ. ಹಿಂದೆ ದೀಪದ ತಂತಿಗೆ ಫ್ಯೂಜೇ ಇರಲಿಲ್ಲ. ಈಗ ಎಡದ ದೀಪಕ್ಕೆ ಒಂದು, ಬಲದ್ದಕ್ಕೆ ಇನ್ನೊಂದು.

"ಈ ರಿಲೇ ಏನು ಮಾಡ್ತದ್ರಿ?" ಎಂದು ನಾನು ಕೇಳಿದೆ.

"ಅದು ತೂಬು" ಎಂದರು ದೊಡ್ಡಕ್ಕೋರು. "ತೂಬು ತಿರುವಾಂವ ನೀರು ಹೊರ್ತಾನೇನು? ಇಲ್ಲ. ಬರೇ ತಿರುವ್ತಾನ. ಹಂಗ ಸ್ವಿಚ್ಚಿನ ಮ್ಯಾಲೆ ಇನ್ನ ಭಾರ ಬೀಳಂಗಿಲ್ಲ." ಖಾಜಾ ಮಿಸ್ತ್ರಿ, "ವಾಹ್ ಆಪಾ, ಇದನ್ನ ನಾನೂ ಗಿರಾಕಿಗಿ ಹೇಳ್ತೀನಿ" ಎಂದು ನಕ್ಕರು.

ಕೆಲಸ ಅಲ್ಲಿಗೂ ಮುಗಿಯಲಿಲ್ಲ. ಚಕ್ಕಡಿಯವನ ಕೂಗು ಹೊಗಳಿಕೆಯಲ್ಲವೆಂದು ಅವರಿಗೆ ತಡವಾಗಿ ಹೊಳೆದಿತ್ತು. ಒಂದು ಸಂಜೆ ಶಾಲೆಯ ಅಂಗಳದಲ್ಲಿ ಗೋಡೆಗೆ ಎದುರಾಗಿ ಗಾಡಿ ನಿಲ್ಲಿಸಿ, ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಅಡ್ಡಗೆರೆ ಎಳೆದರು. ಸುರಪುರದಲ್ಲೇ ಮನೆಯಿದ್ದ ಹುಡುಗಿಯರನ್ನು ಕರೆದು ಹಿಂದಿನ ಸೀಟಿನಲ್ಲಿ ತುಂಬಿದರು. ಹಿಂದೆ ಭಾರವಾದರೆ ಗಾಡಿಯ ಮೂತಿ ಮೇಲೇಳುತ್ತದೆ, ದೀಪ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಭಾರ ತುಂಬಿಯೇ ದೀಪದ ಎತ್ತರ ಕೂಡಿಸಬೇಕು. ಹುಡುಗಿಯರು ಕಿಲಕಿಲ ನಗುತ್ತಿದ್ದರೆ ಇವರು ಹೊರಗೆ ಮೊಣಕಾಲೂರಿ, ದೀಪದ ಬಳೆಯೊಳಗಿನ ಸ್ಕ್ರೂ ತಿರುವುತ್ತಾ, "ನಗಬ್ಯಾಡ್ರೇ, ಗೋಡಿ ಅಲುಗಾಡ್ತದ" ಎಂದು ಗದರುತ್ತಿದ್ದರು. ಬೆಳಕು ಗೆರೆಯ ಕೆಳಗೆ ಇಳಿದು ನಿಂತ ಮೇಲೇ ಅವರು ಎದ್ದದ್ದು.

ಆಮೇಲೆ ಬೀರಪ್ಪ. ರವಿವಾರ ಹಗಲಲ್ಲೇ ಹೊರಟೆವು. ಅವನು ಏರಿಯ ಕೆಳಗೆ ಕುರಿ ಮೇಯಿಸುತ್ತಿದ್ದ. ಮಗಳನ್ನು ಕಳಿಸು ಎಂದು ದೊಡ್ಡಕ್ಕೋರು ಕೇಳಲೇ ಇಲ್ಲ.

"ಬೀರಣ್ಣ, ಇವತ್ತು ಸಂಜಿಗಿ ನಿನ್ನ ಕುರಿ ಏರಿ ಮ್ಯಾಲೆ ತಂದು ನಿಲ್ಲಸು. ನಾ ಎದುರಿಗಿ ಗಾಡಿ ತರ್ತೀನಿ. ಒಂದು ಕುರಿ ಬೆದರಿ ನೀರಿನ ಕಡಿ ಹಾರಿದ್ರ ನಾ ಹಂಗೇ ತಿರುಗಿ ಹೋಗ್ತೀನಿ. ಮತ್ತ ಈ ಮಾತು ಎತ್ತಂಗಿಲ್ಲ."

ಬೀರಪ್ಪ ಅವರ ಮುಖ ನೋಡಿದ, ಕುರಿಗಳನ್ನು ನೋಡಿದ. ಕುರಿಯೆಂದರೆ ಅವನ ಮನೆಯ ಒಲೆ. "ಆತ್ರಿ" ಎಂದ.

ಮಬ್ಬಾದ ಮೇಲೆ ದೂರದ ತಿರುವಿನಿಂದ ಹೊರಟೆವು. ಬೆಳಕು ಈ ಸಲ ಹಾಲಿನ ಹಾಗೆ ದಾರಿಯುದ್ದಕ್ಕೂ ಹಾಸಿಕೊಂಡಿತ್ತು. ಕಾಲುವೆಯ ಅಂಚಿನ ಕಲ್ಲುಗಳು ಒಂದೊಂದಾಗಿ ಬಂದು ಹಿಂದೆ ಸರಿದವು. ಮುಂದೆ ಹಿಂಡು ಕಂಡಿತು. ದೊಡ್ಡಕ್ಕೋರು ವೇಗ ಇಳಿಸಿ, ಕಾಲಬುಡದ ಗುಂಡಿ ಒತ್ತಿದರು. ಬೆಳಕು ತಲೆ ಬಗ್ಗಿಸಿದಂತೆ ನೆಲಕ್ಕೆ ಇಳಿಯಿತು. ಹಿಂಡಿನ ತುಂಬ ಹಸಿರು ಕಣ್ಣುಗಳು ಹೊಳೆದವು. ಒಂದೂ ಓಡಲಿಲ್ಲ. ಗಾಡಿ ನಿಂತ ಮೇಲೆ ಹಿಂಡಿನ ಮುಂದಿದ್ದ ಹೋತ ತಾನೇ ಬಂದು ಬಂಪರನ್ನು ಮೂಸಿ, ಕೊಂಬಿನಿಂದ ಒಮ್ಮೆ ತಟ್ಟಿ ನೋಡಿತು.

ಬೀರಪ್ಪ ಹಿಂಡನ್ನು ಏರಿಯ ಕೆಳಗಿಳಿಸಿ ನಾಯಿಯ ಕಾವಲಿಗೆ ಬಿಟ್ಟು ಬಂದು, ನಮ್ಮ ಪಕ್ಕದಲ್ಲಿ ಹತ್ತಿ ಕೂತ. "ದಂಡಿಗುಂಟ ಹೋಗ್ರಿ" ಎಂದ. ಊರ ಮುಂದಿನ ಸೇತುವೆಯವರೆಗೂ ಕಿಟಕಿಯಿಂದ ತಲೆ ಹೊರಹಾಕಿ ಅಂಚನ್ನೇ ನೋಡುತ್ತಾ ಬಂದ.

"ಆರಿದ್ರ?" ಎಂದು ಕೇಳಿದ.

"ಒಂದಕ್ಕೊಂದು ಸಂಬಂಧ ಇಲ್ಲದಂಗ ಮಾಡಿಸೀನಿ. ಒಂದು ಆರಿದ್ರ ಇನ್ನೊಂದು ಇರ್ತದ."

"ಎರಡೂ ಆರಿದ್ರ?"

ದೊಡ್ಡಕ್ಕೋರು ದಾರಿಯಿಂದ ಕಣ್ಣು ಕೀಳದೆ ಹೇಳಿದರು. "ಎರಡೂ ಆರಿದ್ರ ಅಲ್ಲೇ ನಿಂತು ನಿನ್ನ ಹೆಸರು ಹಿಡದು ಒದರ್ತೀನಿ."

ಬೀರಪ್ಪ ನಕ್ಕದ್ದನ್ನು ನಾನು ಮೊದಲ ಸಲ ಕೇಳಿದೆ. ಮನೆಯ ಮುಂದೆ ಇಳಿದು ಹೆಂಡತಿಗೆ ಕೂಗಿ ಹೇಳಿದ, "ಏ, ಅಕ್ಕೋರು ಗಾಡಿಗಿ ಕಣ್ಣು ತರ್ಸ್ಯಾರ. ಚಾ ಇಡು." ಮಾಳವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಮಾತು ಕೇಳಿದ್ದೇ ಒಳಗೆ ಹೋಗಿ ಗಣಿತದ ಪುಸ್ತಕ ಹುಡುಕಿದಳು.

ಮಾಳವ್ವ ಪಾಸಾದಳು, ಗಣಿತದಲ್ಲಿ ಚೆನ್ನಾಗಿಯೇ. ಈಗ ಕಲಬುರಗಿಯಲ್ಲಿ ನರ್ಸ್. ಐವರಲ್ಲಿ ಒಬ್ಬಳು ಮಾತ್ರ ನಪಾಸಾದಳು. ಅವಳ ಮನೆಗೆ ದೊಡ್ಡಕ್ಕೋರು ಫಲಿತಾಂಶದ ದಿನವೇ ಗಾಡಿ ತಿರುಗಿಸಿದರು. ಮುಂದಿನ ಸಲ ಅವಳೂ ದಾಟಿದಳು.

ಅವರು ನಿವೃತ್ತರಾದ ಮೇಲೆ ಹಳ್ಳಿಗಳಿಗೆ ಸಂಜೆ ಬಸ್ಸೂ ಬಂತು. ಕೆಲಸ ಕಳೆದುಕೊಂಡಂತೆ ಅವರಿಗೆ ಬೇಸರವಾಗಬಹುದೆಂದು ನಾನು ಹೆದರಿದ್ದೆ. ಅವರು ಮೊದಲ ದಿನ ಆ ಬಸ್ಸಿನಲ್ಲೇ ಹೋಗಿ ಬಂದು, "ಸೀಟ ಮೆತ್ತಗ ಅವ. ಆದ್ರ ಡ್ರೈವರ್ ಎದುರಿನವ್ರಿಗಿ ದೀಪ ಇಳಸಂಗಿಲ್ಲ. ಹೇಳಿ ಬಂದೀನಿ" ಎಂದರು. ಗಾಡಿಯನ್ನು ಕೊನೆಗೆ ಹುಣಸಗಿಯ ಬೀಜದ ವ್ಯಾಪಾರಿಯೊಬ್ಬರಿಗೆ ಕೊಟ್ಟರು. ಕೊಡುವಾಗ ಆ ಮನುಷ್ಯನನ್ನು ಗೋಡೆಯ ಮುಂದೆ ಕೂರಿಸಿ ದೀಪ ಕೂಡಿಸುವುದನ್ನು ಕಲಿಸಿಯೇ ಕಳಿಸಿದ್ದು.

ಅವರ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಮಾಳವ್ವನ ಫಲಿತಾಂಶದ ನಂತರದ ಜೂನಿನ ಒಂದು ಬೆಳಿಗ್ಗೆ. ಶಾಲೆ ಶುರುವಾದ ವಾರ. ಗೇಟಿನ ಹೊರಗೆ ಮೂವರು ಗಂಡಸರು ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು. ಬೀರಪ್ಪ ಅವರನ್ನು ಕರೆತಂದು ತಾನು ಹಿಂದೆ ನಿಂತಿದ್ದ. ಕಾಲುವೆಯಾಚೆಯ ಊರುಗಳವರು. ಬೀರಪ್ಪನ ಊರಿನ ಹುಡುಗಿಯರ ಜೊತೆ ಇಬ್ಬರ ಹುಡುಗಿಯರಿಗೆ ಆಗಲೇ ಜಾಗ ಗೊತ್ತಾಗಿ, ಗಾಡಿ ತುಂಬಿಹೋಯಿತು. ಮೂರನೆಯವನು ಕಾದು ನಿಂತೇ ಇದ್ದ.

"ನಮ್ಮಾಕಿನೂ ಹತ್ತನೇತ್ತಿಗಿ ಬಂದಾಳ್ರಿ" ಎಂದ. "ಗಾಡ್ಯಾಗ ಒಂದೀಟು ಜಾಗ ಆದೀತೇನ್ರಿ?"

ದೊಡ್ಡಕ್ಕೋರು ಬೆರಳು ಮಡಿಸಿ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು.

"ತಂಗಿ, ನಿಂಗ ರೊಟ್ಟಿ ಬಡಿಯಾಕ ಬರ್ತದಲ್ಲ?"

"ಬರ್ತದ್ರಿ" ಎಂದೆ, ಏಕೆಂದು ತಿಳಿಯದೆ.

"ಹಂಗಾದ್ರ ಈ ವರ್ಷ ನೀ ಮನ್ಯಾಗಿರು. ನಾ ಬರೂದ್ರಾಗ ಇಬ್ರಿಗೂ ರೊಟ್ಟಿ ಮಾಡು. ನಿನ್ನ ಜಾಗ ಇವ್ರ ಹುಡುಗಿಗಿ."

ಮೊದಲು ಚೂರು ಕೆಡುಕೆನಿಸಿತು. ಆ ಸಂಜೆಯ ಸವಾರಿ ನನಗೆ ಅಷ್ಟು ಇಷ್ಟವಾಗಿತ್ತು. ಆದರೆ ಆ ಮನುಷ್ಯ ನನ್ನ ಕಡೆ ತಿರುಗಿ ಕೈಮುಗಿದಾಗ ನನಗೆ ನಾಚಿಕೆಯಾಗಿ, "ಬಿಡ್ರಿ, ನಂಗೂ ಅಡಗಿ ಕಲಿಬೇಕಾಗಿತ್ತು" ಎಂದೆ.

ಆ ಚಳಿಗಾಲವೆಲ್ಲ ನಾನು ಸಂಜೆ ಒಲೆಯ ಮುಂದೆ ಹಿಟ್ಟು ನಾದಿಕೊಂಡು ಕೂರುತ್ತಿದ್ದೆ. ಓಣಿಯ ತಿರುವಿನಲ್ಲಿ ಗಾಡಿ ಬರುವ ಸದ್ದು. ತೆರೆದ ಬಾಗಿಲಿಂದ ಬೆಳಕು ಒಳಬಂದು, ಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ, ಎದುರು ಮನೆಯ ಕಟ್ಟೆಯ ಮೇಲೆ ಕೂತ ಮುದುಕಿಯ ಕಣ್ಣಿಗೂ ತಾಗದಷ್ಟು ಕೆಳಗೆ, ಮೆಲ್ಲಗೆ ಹಾದುಹೋಗುತ್ತಿತ್ತು. ಅದು ಹಾದೊಡನೆ ನಾನು ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದೆ. ಹುಡುಗಿಯರನ್ನೆಲ್ಲ ಅವರವರ ಮನೆಗೆ ಮುಟ್ಟಿಸಿ ಬಂದ ಅವರು ಕಾಲು ತೊಳೆದು ಒಳಗೆ ಕಾಲಿಡುವಷ್ಟರಲ್ಲಿ ಅದು ಉಬ್ಬಿರುತ್ತಿತ್ತು.